ಕಿಲುಬು ತಂತಿಯ ಸುಳ್ಳುಸಾಕ್ಷಿ

ಮಿಕ್ಸಿ ಕೆಟ್ಟಿತೆಂದು ಶಿವಮೊಗ್ಗದ ಗಾಂಧಿಬಜಾರಿನ ಆಸುಪಾಸಿನ ಯಾವುದಾದರೂ ರಿಪೇರಿ ಅಂಗಡಿಗೆ ಒಯ್ದು ನೋಡಿ. ಬುಡದ ಮುಚ್ಚಳ ಬಿಚ್ಚಿದವರು ಮೋಟಾರಿನ ಸುರುಳಿಗೆ ಕೈಹಾಕುವ ಮೊದಲು, ಪಕ್ಕದ ಎರಡು ಗೂಡುಗಳಿಂದ ಉಗುರಿನಷ್ಟು ದೊಡ್ಡ ಕಪ್ಪು ತುಂಡುಗಳನ್ನು ಹೊರಗೆಳೆಯುತ್ತಾರೆ. ಅದರ ಬೆನ್ನಿಗೊಂದು ಸ್ಪ್ರಿಂಗು, ಹೊಟ್ಟೆಯೊಳಗೆ ನಾಟಿದ ತಾಮ್ರದ ಎಳೆಗಳ ಜಡೆ. ‘ಕಾರ್ಬನ್ ಸವೆದಿದೆ’ ಎಂಬ ತೀರ್ಪು ಬರುತ್ತದೆ. ಹೊಸದು ಹಾಕಿದರೆ ಅದೇ ಮೋಟಾರು ಮತ್ತೆ ಚಟ್ನಿ ರುಬ್ಬುತ್ತದೆ. ವಿದ್ಯುತ್ತು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವ ಜಾಗವನ್ನು ಮೊದಲು ನೋಡು, ಯಂತ್ರದ ಒಡಲನ್ನು ಆಮೇಲೆ ಅನುಮಾನಿಸು ಎಂಬ ವಿವೇಕ ಈ ಕ್ರಮದಲ್ಲಿದೆ. ಕೆಸರಿನ ಬ್ಯಾಕ್ಟೀರಿಯಾಗಳಿಂದ ಕರೆಂಟು ತೆಗೆಯುವ ಪುಟ್ಟ ಸಾಧನಗಳ, ಅಂದರೆ ಸೂಕ್ಷ್ಮಜೀವಿ ಇಂಧನ ಕೋಶಗಳ, ಮಾತು ಬಂದಾಗ ಮಾತ್ರ ಈ ಕ್ರಮ ತಿರುಗಾಮುರುಗಾ ಆಗಿಬಿಡುತ್ತದೆ. ಯಾವ ಬ್ಯಾಕ್ಟೀರಿಯಾ, ಯಾವ ಆಹಾರ, ಯಾವ ಮಣ್ಣು ಎಂದು ಉದ್ದುದ್ದ ಚರ್ಚೆ ನಡೆಯುತ್ತದೆ. ಕಾರ್ಬನ್ನಿಗೆ ತಂತಿಯನ್ನು ಹೇಗೆ ಸೇರಿಸಿದಿರಿ ಎಂದು ಕೇಳುವವರು ಕಡಿಮೆ. ಈ ಅಂಕಣದ ವಾದ ಇಷ್ಟೇ: ಕೋಶ ಚಿಕ್ಕದಾದಷ್ಟೂ ಆ ಕೇಳದ ಪ್ರಶ್ನೆಯೇ ದೊಡ್ಡದಾಗುತ್ತದೆ. ಕೆಟ್ಟ ಜೋಡಣೆಯಿಂದ ಕರೆಂಟು ಕಡಿಮೆಯಾಗುವುದು ಸಣ್ಣ ನಷ್ಟ. ಅದು ಅಳತೆಯನ್ನೇ ಸುಳ್ಳು ಮಾಡುತ್ತದೆ, ಅದು ದೊಡ್ಡದು.

ಸೂಕ್ಷ್ಮಜೀವಿ ಇಂಧನ ಕೋಶದ ಮೂಲ ಸಂಗತಿ ಭದ್ರಾ ಅಚ್ಚುಕಟ್ಟಿನ ಯಾವ ಗದ್ದೆಯಲ್ಲೂ ಕಣ್ಣಿಗೆ ಬೀಳುತ್ತದೆ. ನೀರು ನಿಂತ ಗದ್ದೆಯಿಂದ ಒಂದು ಭತ್ತದ ಬುಡ ಕಿತ್ತರೆ ಮೇಲಿನ ತೆಳು ಪದರ ಕಂದು, ಅದರಡಿಯ ಕೆಸರು ಬೂದುಗಪ್ಪು, ಬೇರುಗಳಿಗೆ ಮಾತ್ರ ತುಕ್ಕಿನ ಕೆಂಪು ಲೇಪ. ಕೆಳಗೆ ಗಾಳಿಯಿಲ್ಲ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಕೊಳೆತ ಎಲೆ, ಬೇರಿನ ರಸಗಳನ್ನು ತಿಂದು, ಉಳಿದ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಬದಲು ಮಣ್ಣಿನ ತುಕ್ಕಿಗೇ ಒಪ್ಪಿಸುತ್ತವೆ; ಕೆಂಪು ಮಣ್ಣು ಬೂದಾಗುವುದು ಹೀಗೆ. ಭತ್ತದ ಬೇರು ತನ್ನೊಳಗಿನಿಂದ ಸ್ವಲ್ಪ ಆಮ್ಲಜನಕ ಸೋರಿಸುವುದರಿಂದ ಅದರ ಸುತ್ತ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಹೀಗೆ ಕಬ್ಬಿಣಕ್ಕೆ ಎಲೆಕ್ಟ್ರಾನು ಕೊಡುವ ಜೀವಿಯೊಂದನ್ನು ಡೆರೆಕ್ ಲವ್ಲಿ 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಹೂಳಿನಿಂದ ಬೇರ್ಪಡಿಸಿದರು. ಜಿಯೋಬ್ಯಾಕ್ಟರ್ ಎಂಬ ಕುಲದ ಹೆಸರು ಈಗ ಈ ಕ್ಷೇತ್ರದಲ್ಲಿ ಮನೆಮಾತು. ತುಕ್ಕಿನ ಜಾಗದಲ್ಲಿ ಒಂದು ಕಾರ್ಬನ್ ತುಂಡನ್ನು ಹೂತರೆ ಬ್ಯಾಕ್ಟೀರಿಯಾ ಅದಕ್ಕೂ ಎಲೆಕ್ಟ್ರಾನು ಕೊಡುತ್ತದೆ. ಅದು ಆನೋಡ್. ಮೇಲೆ ಗಾಳಿ ಸೋಕುವ ಇನ್ನೊಂದು ಕಾರ್ಬನ್ ತುಂಡು ಕ್ಯಾಥೋಡ್. ಎರಡರ ನಡುವೆ ತಂತಿ ಎಳೆದರೆ ಕರೆಂಟು ಹರಿಯುತ್ತದೆ. ಇಂಗ್ಲೆಂಡಿನ ಸಸ್ಯವಿಜ್ಞಾನಿ ಎಂ. ಸಿ. ಪಾಟರ್ 1911ರಲ್ಲಿಯೇ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳಿಂದ ಇಂಥ ವಿದ್ಯುತ್ತನ್ನು ತೋರಿಸಿದ್ದರು. ಅವರು ಬಳಸಿದ್ದು ಪ್ಲಾಟಿನಂ ಎಲೆಕ್ಟ್ರೋಡು, ತುಕ್ಕಿನ ಗೊಡವೆಯೇ ಇಲ್ಲದ ಲೋಹ. ಪ್ಲಾಟಿನಂ ಬಿಟ್ಟು ಅಗ್ಗದ ಕಾರ್ಬನ್ನಿಗೆ ಇಳಿದ ಮೇಲೆಯೇ ಜೋಡಣೆಯ ತಲೆನೋವು ಶುರುವಾದದ್ದು.

ಮೊದಲ ಮೋಸ ಮಲ್ಟಿಮೀಟರಿನದು. ಲೋಟದಷ್ಟು ಕೆಸರು, ಎರಡು ಕಾರ್ಬನ್ ತುಂಡು, ಎರಡು ಕ್ಲಿಪ್ಪು, ಮೀಟರು 0.6 ವೋಲ್ಟ್ ತೋರಿಸುತ್ತದೆ, ನೋಡಿದವರು ತಲೆದೂಗುತ್ತಾರೆ. ಆದರೆ ಸಾಧಾರಣ ಡಿಜಿಟಲ್ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ವೋಲ್ಟೇಜ್ ಅಳೆಯುವಾಗ ಅದು ಕೋಶದಿಂದ ಎಳೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕರೆಂಟೇ ಹರಿಯದಿದ್ದರೆ ಜೋಡಣೆಯಲ್ಲಿ ಸಾವಿರ ಓಮ್ ರೋಧವಿದ್ದರೂ ಗೊತ್ತಾಗುವುದಿಲ್ಲ. ನಿಂತ ನೀರಿನ ಪೈಪಿನಲ್ಲಿ ಕಸ ಕಟ್ಟಿದೆಯೋ ಇಲ್ಲವೋ ತಿಳಿಯದ ಹಾಗೆ. ನಲ್ಲಿ ತೆರೆದಾಗಲೇ ಬಣ್ಣ ಬಯಲು. ಒಂದು ಸರಳ ಲೆಕ್ಕ ಹಾಕೋಣ. 0.6 ವೋಲ್ಟಿನ ಪುಟ್ಟ ಕೋಶದ ಒಳರೋಧ 1,000 ಓಮ್ ಎಂದಿಟ್ಟುಕೊಂಡರೆ, ಅದರಿಂದ ಗರಿಷ್ಠವಾಗಿ 90 ಮೈಕ್ರೋವಾಟ್ ತೆಗೆಯಬಹುದು. ಕ್ಲಿಪ್ಪಿನ ಬಾಯಲ್ಲಿ 500 ಓಮ್ ಸೇರಿಕೊಂಡರೆ ಆ ಗರಿಷ್ಠ 60ಕ್ಕೆ ಇಳಿಯುತ್ತದೆ. ಮೂರರಲ್ಲೊಂದು ಪಾಲು ಹೋಯಿತು, ಬ್ಯಾಕ್ಟೀರಿಯಾದ ತಪ್ಪೇನೂ ಇಲ್ಲದೆ. ಇದೇ ಕೋಶಕ್ಕೆ 1,000 ಓಮ್ ಹೊರೆ ಹಾಕಿ ಕರೆಂಟು ನೋಡಿದರೆ ಮೊದಲು 0.30 ಮಿಲಿಆಂಪ್, ಜೋಡಣೆ ಕೆಟ್ಟ ಮೇಲೆ 0.24. ಅಂದರೆ ನೂರಕ್ಕೆ 20ರಷ್ಟು ಕುಸಿತ. ಈ ಅಂಕಿ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಜೋಡಣೆಯೆಂದರೆ ಎರಡು ವಸ್ತು ಅಂಟಿ ಕೂತ ಜಾಗ ಎಂದು ನಾವು ಭಾವಿಸುತ್ತೇವೆ. ಹತ್ತಿರದಿಂದ ನೋಡಿದರೆ ಚಿತ್ರ ಬೇರೆ. ಎರಡು ಹಲಸಿನ ಕಾಯಿಗಳನ್ನು ಮೈಗೆ ಮೈ ತಾಗಿಸಿ ಇಟ್ಟರೆ ಮುಳ್ಳಿನ ತುದಿಗಳು ಮಾತ್ರ ಮುಟ್ಟುತ್ತವೆ, ನಡುವೆಲ್ಲ ಸಂದು. ಲೋಹ ಕಾರ್ಬನ್ನನ್ನು ಮುಟ್ಟುವುದೂ ಹಾಗೆಯೇ. ಕರೆಂಟೆಲ್ಲ ಆ ಕೆಲವೇ ತುದಿಗಳ ಮೂಲಕ ತೂರಿಕೊಂಡು ಹೋಗಬೇಕು. ಒತ್ತಿ ಹಿಡಿದರೆ ತುದಿಗಳು ಚಪ್ಪಟೆಯಾಗಿ ದಾರಿ ಅಗಲವಾಗುತ್ತದೆ. ಮಿಕ್ಸಿಯ ಕಾರ್ಬನ್ನಿಗೆ ಸ್ಪ್ರಿಂಗು ಇರುವುದು ಇದಕ್ಕೇ. ಕೋಶದಲ್ಲಿ ಬಳಸುವ ಕಾರ್ಬನ್ ಫೆಲ್ಟ್ ಕಂಬಳಿಯ ಹಾಗೆ ಮೆತ್ತಗಿನ ವಸ್ತು. ಒತ್ತಿದಾಗ ಒತ್ತಿಸಿಕೊಂಡು, ವಾರ ಕಳೆಯುವಷ್ಟರಲ್ಲಿ ಸಡಿಲಾಗುತ್ತದೆ. ಇದರ ಮೇಲೆ ಲೋಹದ ಮೈಗೆ ಹುಟ್ಟಿನಿಂದಲೇ ಒಂದು ಪೊರೆ. ಟೈಟೇನಿಯಂ ಆಗಲಿ ಸ್ಟೇನ್‌ಲೆಸ್ ಸ್ಟೀಲ್ ಆಗಲಿ ತುಕ್ಕು ಹಿಡಿಯದಿರುವುದೇ ಗಾಳಿ ತಾಗಿದೊಡನೆ ಬೆಳೆಯುವ ಕೆಲವು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆಯಿಂದ. ಲೋಹವನ್ನು ಕಾಯುವ ಆ ಪೊರೆಯೇ ಕರೆಂಟಿಗೆ ಅಡ್ಡಗೋಡೆ. ಮನೆಯ 230 ವೋಲ್ಟ್ ಇಂಥ ಪೊರೆಗಳನ್ನು ಲೆಕ್ಕಕ್ಕೇ ಇಡದೆ ಸೀಳಿ ಹೋಗುತ್ತದೆ, ಹೆಚ್ಚು ಕರೆಂಟಿನ ಬಿಸಿಗೆ ತುದಿಗಳು ಮೆತ್ತಗಾಗಿ ಬೆಸೆದುಕೊಳ್ಳುವುದೂ ಉಂಟು. ಅರ್ಧ ವೋಲ್ಟಿಗೆ ಆ ತಾಕತ್ತಿಲ್ಲ. ಸಿಮ್ ಕಾರ್ಡಿನ ಮೇಲೆ ಚಿನ್ನದ ಲೇಪ ಕೊಡುವುದು ಶೋಕಿಗಲ್ಲ. ಸಣ್ಣ ವೋಲ್ಟೇಜು ಪೊರೆಯ ಮುಂದೆ ಸೋಲುತ್ತದೆ, ಚಿನ್ನಕ್ಕೆ ಪೊರೆ ಕಟ್ಟುವುದಿಲ್ಲ. ಮನೆಯ ವೈರಿಂಗಿನಲ್ಲಿ ನಿಶ್ಚಿಂತೆಯಿಂದ ನಡೆಯುವ ಜೋಡಣೆ ಕೆಸರಿನ ಕೋಶದಲ್ಲಿ ಕೈಕೊಡುವುದು ಈ ಕಾರಣಕ್ಕೆ.

ರೋಧ ಹೆಚ್ಚಾದರೆ ಕರೆಂಟು ಕಡಿಮೆಯಾಗುತ್ತದೆ. ಅದನ್ನಾದರೂ ಕೋಶ ದುರ್ಬಲ ಎಂದುಕೊಂಡು ಸುಮ್ಮನಾಗಬಹುದು. ಜೋಡಣೆಯ ಲೋಹ ನೀರಿಗೆ ಸೋಕಿದಾಗ ಆಗುವುದು ಅದಕ್ಕಿಂತ ಕೇಡು. ಕೆಸರಿನಲ್ಲಿ ಹೂತ ಆನೋಡಿಗೆ ಸತು ಲೇಪಿಸಿದ ಜಿಐ ತಂತಿ ಸುತ್ತಿದರೆ ಅಥವಾ ಕಬ್ಬಿಣದ ಕ್ಲಿಪ್ಪು ಕಚ್ಚಿಸಿದರೆ, ತಂತಿಯ ಸತುವೂ ಕ್ಲಿಪ್ಪಿನ ಕಬ್ಬಿಣವೂ ತಾವೇ ಕರಗುತ್ತ ಎಲೆಕ್ಟ್ರಾನು ಬಿಡುತ್ತವೆ. ಮೀಟರಿಗೆ ಎಲೆಕ್ಟ್ರಾನಿನ ಕುಲಗೋತ್ರ ತಿಳಿಯದು. ಬ್ಯಾಕ್ಟೀರಿಯಾ ಕೊಟ್ಟಿದ್ದೂ ಸತು ಕೊಟ್ಟಿದ್ದೂ ಒಂದೇ ಮುಳ್ಳಿನಲ್ಲಿ ಕೂಡಿ ಬರುತ್ತವೆ. ಸತು ಮತ್ತು ತಾಮ್ರದ ಪಟ್ಟಿಗಳನ್ನು ಒದ್ದೆ ಮಣ್ಣಿಗೆ ಚುಚ್ಚಿ ‘ಮಣ್ಣಿನಿಂದ ಕರೆಂಟು’ ಎಂದು ತೋರಿಸುವ ಪ್ರಯೋಗ ಹೆಚ್ಚುಕಡಿಮೆ ಪೂರ್ತಿಯಾಗಿ ಈ ಲೋಹದ ಲೀಲೆ. ಮಣ್ಣಿನ ಬದಲು ನಿಂಬೆಹಣ್ಣಿಟ್ಟರೂ ನಡೆಯುತ್ತದೆ. ಕ್ಯಾಥೋಡಿನ ಬದಿಯಲ್ಲಿ ಮೋಸ ಉಲ್ಟಾ. ಅಲ್ಲಿ ಗಾಳಿ, ತೇವ ಎರಡೂ ಇರುವುದರಿಂದ ತಾಮ್ರ ಕಿಲುಬು ಹಿಡಿಯುತ್ತ ಆಮ್ಲಜನಕಕ್ಕೆ ತಾನೇ ಎಲೆಕ್ಟ್ರಾನು ಕೊಟ್ಟುಬಿಡುತ್ತದೆ, ಆನೋಡಿನಿಂದ ಬರಬೇಕಾದದ್ದಕ್ಕೆ ಅಷ್ಟು ಕೆಲಸ ಕಡಿಮೆ. ದೊಡ್ಡ ಕೋಶದಲ್ಲಿ ತಂತಿಯ ಮೈ ಎಲೆಕ್ಟ್ರೋಡಿನ ಮುಂದೆ ನಗಣ್ಯ. ಬೆರಳ ತುದಿಯಷ್ಟು ಕಾರ್ಬನ್ನಿಗೆ ಅದರ ಅರ್ಧದಷ್ಟು ತಂತಿ ಸುತ್ತಿದಾಗ ನಾವು ಅಳೆಯುತ್ತಿರುವುದು ಜೀವಿಯನ್ನೋ ತಂತಿಯನ್ನೋ ಎಂಬುದೇ ಅನುಮಾನ. ಇದಕ್ಕೊಂದು ಅಗ್ಗದ ಪರೀಕ್ಷೆ ಇದೆ: ಅದೇ ಕೆಸರನ್ನು ಎರಡು ಮೂರು ದಿನ, ದಿನಕ್ಕೊಮ್ಮೆ, ಕುಕ್ಕರಿನಲ್ಲಿ ಬೇಯಿಸಿ, ತಣಿಸಿ, ಅದೇ ತಂತಿಯಿಂದ ಇನ್ನೊಂದು ಕೋಶ ಕಟ್ಟಿ ಜೊತೆಗಿಡುವುದು. ಸತ್ತ ಕೆಸರೂ ಕರೆಂಟು ಕೊಟ್ಟರೆ ಕೊಡುತ್ತಿರುವುದು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ಚಿಕ್ಕ ಕೋಶದ ಒಳರೋಧವೇ ನೂರಾರು, ಸಾವಿರಾರು ಓಮ್ ಇರುವಾಗ ಜೋಡಣೆಯ ನಾಲ್ಕೈದು ಓಮಿಗೆ ಯಾಕಿಷ್ಟು ರಾದ್ಧಾಂತ, ಅದು ಆಂಪಿಯರುಗಟ್ಟಲೆ ಹರಿಯುವ ದೊಡ್ಡ ಕೋಶಗಳ ಚಿಂತೆಯಲ್ಲವೇ ಎಂದು ಕೇಳಬಹುದು. ಅದರಲ್ಲೂ ನಮ್ಮ ಕಡೆಯ ನೀರು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೊಗಳಿಸಿಕೊಂಡ ಹೊಳೆಯ ನೀರು ರುಚಿಯಾಗಿರುವುದು ಅದರಲ್ಲಿ ಕರಗಿದ ಲವಣ ಕಡಿಮೆಯಿರುವುದರಿಂದ. ಲವಣ ಕಡಿಮೆಯಾದರೆ ಕರೆಂಟು ಸಾಗುವುದೂ ಕಷ್ಟ. ಕುಡಿಯಲು ಒಳ್ಳೆಯ ನೀರು ಕೋಶಕ್ಕೆ ಕೆಟ್ಟ ನೀರು. ಆಕ್ಷೇಪದ ಲೆಕ್ಕ ಸರಿಯಾಗಿದೆ: ಜೋಡಣೆ ನಿಜಕ್ಕೂ ಐದು ಓಮಿನದಾಗಿ, ಐದರಲ್ಲೇ ನಿಲ್ಲುವುದಾದರೆ, ಮೇಲಿನ ಕೋಶದಲ್ಲಿ ನಷ್ಟ ನೂರಕ್ಕೆ ಅರ್ಧದಷ್ಟೂ ಇಲ್ಲ. ಆದರೆ ಪೊರೆ ಕಟ್ಟುವ, ಸಡಿಲಾಗುವ, ಕಿಲುಬುವ ಜೋಡಣೆ ಐದರಲ್ಲಿ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ ಕಾರ್ಬನ್ನಿನ ಮೇಲೆ ನೆಲೆಯೂರಿ ಪದರ ಕಟ್ಟಲು ವಾರಗಳು ಬೇಕು. ಆ ವಾರಗಳಲ್ಲೇ ಜೋಡಣೆಯೂ ಹದಗೆಡುತ್ತದೆ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ, ಮೀಟರು ಇವೆರಡರ ಮೊತ್ತವನ್ನಷ್ಟೇ ಹೇಳುತ್ತದೆ. ಎರಡು ಬಗೆಯ ಆನೋಡುಗಳನ್ನು ಹೋಲಿಸುತ್ತಿದ್ದೇವೆ ಎಂದುಕೊಂಡವರು ಎರಡು ಕ್ಲಿಪ್ಪುಗಳನ್ನು ಹೋಲಿಸುತ್ತಿರಬಹುದು. ಹತ್ತು ಕೋಶಗಳನ್ನು ಸಾಲಾಗಿ ಕೂಡಿಸಿದರೆ ಜೋಡಣೆಗಳು ಇಪ್ಪತ್ತು. ಅದರಲ್ಲೊಂದು ಕೆಟ್ಟರೂ ಇಡೀ ಸರಪಳಿಯ ಕರೆಂಟು ಅದರ ಹಿಡಿತಕ್ಕೆ ಸಿಕ್ಕಿತು.

ಅಳೆಯದೆ ದೂರುವುದು ತರವಲ್ಲ, ಅಳೆಯುವುದು ಕಷ್ಟವೂ ಅಲ್ಲ. ಹೊರೆಯ ಮೇಲಿರುವ ಕೋಶದ ಕರೆಂಟನ್ನು ತಟ್ಟನೆ ಕಡಿದು ವೋಲ್ಟೇಜ್ ನೋಡಬೇಕು. ಅದು ಎರಡು ಹಂತದಲ್ಲಿ ಏರುತ್ತದೆ: ಮೊದಲು ಕಣ್ಣು ಮಿಟುಕಿಸುವುದರೊಳಗೆ ಒಂದು ನೆಗೆತ, ಆಮೇಲೆ ನಿಮಿಷಗಟ್ಟಲೆ ತೆವಳುವ ಏರು. ನೆಗೆತ ತಂತಿ, ಜೋಡಣೆ ಮತ್ತು ನೀರಿನ ರೋಧಕ್ಕೆ ಸೇರಿದ್ದು. ತೆವಳುವುದು ಬ್ಯಾಕ್ಟೀರಿಯಾ ಮತ್ತು ರಾಸಾಯನಿಕ ಕ್ರಿಯೆಗೆ ಸೇರಿದ್ದು. ನೆಗೆತ ವಾರದಿಂದ ವಾರಕ್ಕೆ ದೊಡ್ಡದಾಗುತ್ತಿದ್ದು ನೀರು ಬದಲಾಗಿಲ್ಲವೆಂದರೆ ಕಳ್ಳ ಸಿಕ್ಕಿದ ಹಾಗೆ. ಇನ್ನು ಜೋಡಣೆಯೊಂದನ್ನೇ ನೋಡಬೇಕಾದರೆ, ಕೋಶ ಕಟ್ಟುವ ಮೊದಲೇ ನಾಲ್ಕು ತಂತಿಯ ವಿಧಾನವಿದೆ: ಎರಡು ತಂತಿಯಿಂದ ಕರೆಂಟು ಹಾಯಿಸಿ, ಬೇರೆ ಎರಡರಿಂದ ಕಾರ್ಬನ್ನಿಗೂ ಲೋಹಕ್ಕೂ ನಡುವಿನ ವೋಲ್ಟೇಜ್ ಓದುವುದು. ಮೀಟರಿನ ಸ್ವಂತ ತಂತಿಗಳ ರೋಧ ಆಗ ಲೆಕ್ಕದೊಳಗೆ ನುಸುಳುವುದಿಲ್ಲ. ಪರೀಕ್ಷೆಯ ಕರೆಂಟು ಕೋಶದ ಕರೆಂಟಿನಷ್ಟೇ ಸಣ್ಣದಿರಬೇಕು. ದೊಡ್ಡ ಕರೆಂಟು ಹಾಯಿಸಿದರೆ ಅದೇ ಪೊರೆಯನ್ನು ಸೀಳಿ ‘ಎಲ್ಲ ಸರಿಯಿದೆ’ ಎಂದು ವರದಿ ಕೊಡುತ್ತದೆ.

ಒಳ್ಳೆಯ ಜೋಡಣೆಯ ಪಾಠಕ್ಕೆ ಹಳೆಯ ಟಾರ್ಚಿನ ಸೆಲ್ಲೊಂದನ್ನು ಸೀಳಿದರೆ ಸಾಕು. ನಡುವೆ ಕಾರ್ಬನ್ ಕಡ್ಡಿ, ಅದರ ನೆತ್ತಿಗೆ ಬಿಗಿಯಾಗಿ ಕೂರಿಸಿದ ಹಿತ್ತಾಳೆಯ ಟೋಪಿ. ಆ ಟೋಪಿ ಒಳಗಿನ ಒದ್ದೆ ಮಸಿಗೆ ಎಲ್ಲಿಯೂ ತಾಗದಂತೆ ನಡುವೆ ಸೀಲು. ಕಡ್ಡಿಯ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲೇರದಂತೆ ಮೇಣವನ್ನೂ ಕುಡಿಸಿರುತ್ತಾರೆ. ಸೂತ್ರ ಅಲ್ಲೇ ಇದೆ: ನೀರಿಗೆ ಕಾರ್ಬನ್ ಮಾತ್ರ, ಲೋಹ ಒಣ ಜಾಗದಲ್ಲಿ, ನಡುವೆ ಬಿಗಿ ಒತ್ತಡ ಮತ್ತು ಮೇಣದ ಕಟ್ಟೆ. ಪುಟ್ಟ ಕೋಶಕ್ಕೆ ಇದನ್ನೇ ಅನ್ವಯಿಸಿದರೆ, ಕಾರ್ಬನ್ ಎಳೆಗಳ ಕಂತೆಯನ್ನೋ ಗ್ರಾಫೈಟ್ ಕಡ್ಡಿಯನ್ನೋ ಕೆಸರಿನಿಂದ ಮೇಲಕ್ಕೆ ತಂದು, ಒಣಗಿದ ಜಾಗದಲ್ಲಿ ಸ್ಕ್ರೂ ಮತ್ತು ಸ್ಪ್ರಿಂಗ್ ವಾಷರಿನಿಂದ ಬಿಗಿಯಬೇಕು. ದೀಪದ ಬತ್ತಿ ಎಣ್ಣೆ ಹೀರಿದಂತೆ ಫೆಲ್ಟು ನೀರು ಹೀರಿ ಸ್ಕ್ರೂವಿನವರೆಗೂ ಮುಟ್ಟಿಸುತ್ತದೆ. ಆದ್ದರಿಂದ ನಡುದಾರಿಯಲ್ಲಿ ಮೇಣ ಅಥವಾ ಎಪಾಕ್ಸಿ ತುಂಬಿ ತಡೆಯಬೇಕು. ನೀರೊಳಗೇ ಜೋಡಣೆ ಅನಿವಾರ್ಯವಾದಲ್ಲಿ ಟೈಟೇನಿಯಂ ತಂತಿ. ಕೂರಿಸುವ ಹೊತ್ತಿಗೇ ಎಮರಿ ಪೇಪರಿನಿಂದ ಅದರ ಮೈ ಉಜ್ಜಬೇಕು, ಹಿಂದಿನ ದಿನ ಉಜ್ಜಿಟ್ಟರೆ ಪೊರೆ ಮತ್ತೆ ಬಂದಿರುತ್ತದೆ. ಅಮೆರಿಕದ ಬ್ರೂಸ್ ಲೋಗನ್ ತಂಡ 2007ರಲ್ಲಿ ಎರಡು ಟೈಟೇನಿಯಂ ತಂತಿಗಳ ನಡುವೆ ಕಾರ್ಬನ್ ಎಳೆಗಳನ್ನಿಟ್ಟು ಹುರಿ ಹಾಕಿ, ಬಾಟಲಿ ತೊಳೆಯುವ ಬ್ರಷ್ಷಿನಂಥ ಆನೋಡ್ ಮಾಡಿತು. ಹುರಿಯ ಒಂದೊಂದು ಸುತ್ತೂ ಒಂದೊಂದು ಇಕ್ಕಳ. ಒಂದು ಸಡಿಲಾದರೆ ನೂರು ಬಿಗಿಯಾಗಿರುತ್ತವೆ. ಬೆಳ್ಳಿ ಬೆರೆಸಿದ ವಾಹಕ ಎಪಾಕ್ಸಿಯೂ ಒಳ್ಳೆಯದೇ, ಅದರ ಮೇಲೆ ಸಾದಾ ಎಪಾಕ್ಸಿಯ ಹೊದಿಕೆ ಹೊದಿಸಿ ನೀರಿನಿಂದ ದೂರವಿಟ್ಟರೆ.

ಈ ಮಾತನ್ನು ಭದ್ರಾವತಿಯ ಹಿನ್ನೆಲೆಯಲ್ಲಿ ಆಡಲು ಕಾರಣವಿದೆ. ಹಿಂದೆ ಬೆಂಕಿಪುರ ಎಂದು ಹೆಸರಿದ್ದ ಈ ಊರಿನಲ್ಲಿ 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿತು. ಅದಿರೆಂದರೆ ಆಮ್ಲಜನಕ ಹಿಡಿದುಕೊಂಡ ಕಬ್ಬಿಣ. ಇದ್ದಿಲಿನ ಕಾರ್ಬನ್ ಅದಕ್ಕೆ ಎಲೆಕ್ಟ್ರಾನು ಕೊಟ್ಟು ಬಿಡಿಸುತ್ತದೆ. ಗದ್ದೆಯ ಬ್ಯಾಕ್ಟೀರಿಯಾ ಅದೇ ದಾರಿಯಲ್ಲಿ ಮೂರರಲ್ಲೊಂದು ಪಾಲು ದೂರ, ಬೆಂಕಿಯಿಲ್ಲದೆ ಸಾಗುತ್ತದೆ. 1948ರಲ್ಲಿ ಜೋಗದ ವಿದ್ಯುದಾಗಾರ ಬಂದ ನಂತರ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳೂ ಸೇರಿದವು. ವಿದ್ಯುತ್ ಕುಲುಮೆಯ ಕಾರ್ಬನ್ ಎಲೆಕ್ಟ್ರೋಡನ್ನು ಲೋಹದ ಹಿಡಿ ಕಚ್ಚಿಕೊಳ್ಳುವ ಜಾಗದಲ್ಲಿ ಸಾವಿರಾರು ಆಂಪಿಯರ್ ದಾಟುತ್ತದೆ. ಅಲ್ಲಿ ಧೂಳು ಕೂತರೆ, ಹಿಡಿತ ತಪ್ಪಿದರೆ, ಆ ಜಾಗವೇ ಕಾದು ಕೆಂಪಗಾಗಿ ತನ್ನ ದೋಷವನ್ನು ತಾನೇ ಸಾರುತ್ತದೆ. ಕೆಸರಿನ ಕೋಶದಲ್ಲಿ ದೋಷ ಅದೇ, ಸಾರುವ ಬಾಯಿಲ್ಲ. ಇದ್ದಿಲಿನದೂ ಒಂದು ಎಚ್ಚರಿಕೆ: ಕರಿದಾದದ್ದೆಲ್ಲ ವಾಹಕವಲ್ಲ. 400-500 ಡಿಗ್ರಿಯಲ್ಲಿ ಸುಟ್ಟ ಇದ್ದಿಲಿನಲ್ಲಿ ಕರೆಂಟು ಹರಿಯುವುದು ತೀರ ಕಷ್ಟ. 700-800 ಡಿಗ್ರಿ ದಾಟಿದಾಗ ಅದರೊಳಗೆ ಗ್ರಾಫೈಟಿನಂಥ ಹಾಳೆಗಳು ಕೂಡಿಕೊಂಡು ದಾರಿ ತೆರೆಯುತ್ತದೆ. ಅಡುಗೆ ಒಲೆಯ ಇದ್ದಿಲಿನಿಂದ ಆನೋಡ್ ಮಾಡಿ ‘ನಮ್ಮ ಮಣ್ಣಿನ ಬ್ಯಾಕ್ಟೀರಿಯಾ ಸೋಮಾರಿ’ ಎಂದು ತೀರ್ಪು ಕೊಟ್ಟರೆ ಮಣ್ಣಿಗೆ ಅನ್ಯಾಯ.

ತಾಮ್ರ, ಬೆಳ್ಳಿಗಳ ಬಗ್ಗೆ ಇಷ್ಟು ಮಡಿವಂತಿಕೆ ಬೇಕೇ ಎಂದು ಕೇಳುವವರಿಗೂ ಆಧಾರವಿದೆ. ಈ ಲೋಹಗಳು ಬ್ಯಾಕ್ಟೀರಿಯಾಕ್ಕೆ ವಿಷವೆಂದು ಬಹುಕಾಲ ನಂಬಿದ್ದರು. 2015ರಲ್ಲಿ ಜರ್ಮನಿಯ ಉವೆ ಶ್ರೋಡರ್ ತಂಡ ತಾಮ್ರ ಮತ್ತು ಬೆಳ್ಳಿಯ ಮೇಲೂ ವಿದ್ಯುಜ್ಜನಕ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದು, ಗ್ರಾಫೈಟಿಗೆ ಸರಿಸಮನಾದ ಕರೆಂಟು ಕೊಡುತ್ತದೆಂದು ತೋರಿಸಿತು. ಇದು ವಿಷದ ಭಯವನ್ನು ತಗ್ಗಿಸುತ್ತದೆ, ನಿಜ. ಆದರೆ ಪ್ರಯೋಗಾಲಯದಲ್ಲಿ ಆನೋಡಿನ ವಿಭವವನ್ನು ಹಿಡಿತದಲ್ಲಿಟ್ಟು ಬೆಳೆಸಿದ ಪದರಕ್ಕೂ ಕೊಳೆತ ಮೊಟ್ಟೆಯ ವಾಸನೆಯ ಗಂಧಕ ತುಂಬಿದ ಕೆಸರಿಗೂ ಅಂತರವಿದೆ. ಅಲ್ಲಿ ತಾಮ್ರ ಕಪ್ಪು ಸಲ್ಫೈಡಾಗಿ ಸವೆಯುತ್ತದೆ. ಕ್ಯಾಥೋಡಿನ ಕಿಲುಬಿಗಂತೂ ಆ ಫಲಿತಾಂಶ ಉತ್ತರವೇ ಅಲ್ಲ. ಟೈಟೇನಿಯಂ ದುಬಾರಿ ಎಂಬ ಮಾತೂ ಇದೆ. ಕೋಶ ಪುಟ್ಟದಾದ್ದರಿಂದ ಬೇಕಾಗುವುದು ಗೇಣುದ್ದ ತಂತಿ. ಅದೂ ಬೇಡವೆಂದರೆ ಜೋಡಣೆಯನ್ನು ನೀರಿನಿಂದ ಮೇಲೆತ್ತುವ ಟಾರ್ಚಿನ ಉಪಾಯಕ್ಕೆ ಮೇಣದ ಖರ್ಚಷ್ಟೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ನೇರ: ಇಷ್ಟೆಲ್ಲ ಮಾಡಿ ಸಿಗುವುದೇನು? ವಿದ್ಯುತ್ತಿನ ಲೆಕ್ಕದಲ್ಲಿ ಹೇಳಿದರೆ ಏನೂ ಇಲ್ಲ. 2008ರಲ್ಲಿ ಜಪಾನ್ ಮತ್ತು ಬೆಲ್ಜಿಯಂನ ಸಂಶೋಧಕರು ಭತ್ತದ ಬೇರಿನ ಬಳಿ ಎಲೆಕ್ಟ್ರೋಡ್ ಹೂತು ಪಡೆದದ್ದು ಚದರ ಮೀಟರಿಗೆ ಕೆಲವು ಮಿಲಿವಾಟಿನಿಂದ ಮೂವತ್ತರ ಆಸುಪಾಸು. ಮೂವತ್ತೆಂದೇ ಹಿಡಿದರೂ ಒಂದು ಎಕರೆ ಗದ್ದೆಗೆ ಸುಮಾರು 120 ವಾಟ್, ಅಂದರೆ ಎರಡು ಹಳೆಯ ಸೀಲಿಂಗ್ ಫ್ಯಾನಿಗೂ ಸಾಲದು. ಶರಾವತಿಯ 1,035 ಮೆಗಾವಾಟ್ ಕೇಂದ್ರದ ನೆರೆಯಲ್ಲಿ ಕೂತು ಕೆಸರಿನ ಕರೆಂಟನ್ನು ಪವರ್ ಕಟ್ಟಿಗೆ ಪರಿಹಾರವೆಂದು ಮಾರುವುದು ಮೋಸ. ಪುಟ್ಟ ಕೋಶದ ನಿಜವಾದ ಬೆಲೆ ಇರುವುದು ಸಾಕ್ಷಿಯಾಗಿ. ನೀರಿನಲ್ಲಿ ಕೊಳೆಯುವ ವಸ್ತು ಹೆಚ್ಚಿದ್ದರೆ ಬ್ಯಾಕ್ಟೀರಿಯಾಕ್ಕೆ ಊಟ ಹೆಚ್ಚು, ಕರೆಂಟೂ ಹೆಚ್ಚು. ಒಂದು ಮಿತಿಯವರೆಗೆ ಎರಡೂ ಜೊತೆಯಾಗಿ ಏರಿಳಿಯುತ್ತವೆ. ಮಾಲಿನ್ಯದ ಅಳತೆಗೋಲಾದ ಬಿಒಡಿ ಪರೀಕ್ಷೆಗೆ ನಮ್ಮ ದೇಶದ ವಿಧಾನದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಅಷ್ಟರಲ್ಲಿ ಹೊಳೆಯ ನೀರು ತುಂಗೆ-ಭದ್ರೆಗಳು ಸೇರುವ ಕೂಡಲಿಯ ಸಂಗಮವನ್ನು ದಾಟಿ ಎಷ್ಟೋ ದೂರ ಹೋಗಿರುತ್ತದೆ. ಕೋಶ ಮಾಲಿನ್ಯವನ್ನು ಬಹುಬೇಗ ಹೇಳಬಲ್ಲದು, ಚಿಕ್ಕದಾದಷ್ಟೂ ಒಳಗಿನ ನೀರು ಬೇಗ ಬದಲಾಗುವುದರಿಂದ ಇನ್ನೂ ಬೇಗ. ಕೊರಿಯಾದ ಬ್ಯುಂಗ್ ಹಾಂಗ್ ಕಿಮ್ ತಂಡ ಇಂಥ ಸಂವೇದಕವೊಂದು ಐದು ವರ್ಷಕ್ಕೂ ಮೀರಿ ಕೆಲಸ ಮಾಡಿದ್ದನ್ನು 2003ರಲ್ಲಿ ಪ್ರಕಟಿಸಿತು.

ಭದ್ರಾವತಿಯಲ್ಲಿ ಭದ್ರೆ, ಶಿವಮೊಗ್ಗದಲ್ಲಿ ತುಂಗೆ: ಎರಡೂ ಹೊಳೆಗಳು ಊರಿನ ನಡುವೆ ಹಾದು ಊರಿನ ಕೊಳೆಯನ್ನು ಹೊತ್ತು ಸಾಗುತ್ತವೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಮನೆಗಳ ಚರಂಡಿ ನಿಂತಿಲ್ಲ. ಇಂಥ ಹೊಳೆಯ ದಡದಲ್ಲಿ ಬೆರಳಷ್ಟು ದೊಡ್ಡ ಕೋಶಗಳನ್ನು ಸಾಲಾಗಿ ಇಳಿಬಿಟ್ಟು ನೀರಿನ ನಾಡಿ ಹಿಡಿಯುವುದು ಕೈಗೆಟುಕುವ ಕೆಲಸ. ಬೇಕಾದ ಮಣ್ಣು ಇಲ್ಲಿದೆ, ಲೋಹ ಮತ್ತು ಕಾರ್ಬನ್ನಿನ ಒಡನಾಟ ಬಲ್ಲ ಕೈಗಳು ಇಲ್ಲಿವೆ, ಭದ್ರಾವತಿಯ ಮಗ್ಗುಲಲ್ಲೇ ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯವಿದೆ. ಆದರೆ ಈಗ ಮೇಲಿನ ಲೆಕ್ಕವನ್ನು ನೆನೆಯಿರಿ. ಮಳೆಗಾಲದ ತೇವಕ್ಕೆ ಒಂದು ಕ್ಲಿಪ್ಪು ಕಿಲುಬಿ 500 ಓಮ್ ಸೇರಿದರೆ ಕರೆಂಟು 0.30ರಿಂದ 0.24ಕ್ಕೆ ಇಳಿಯುತ್ತದೆ. ಕರೆಂಟು ಇಳಿದರೆ ಸಂವೇದಕದ ಭಾಷೆಯಲ್ಲಿ ಅದರ ಅರ್ಥ ಹೊಳೆ ನೂರಕ್ಕೆ 20ರಷ್ಟು ಶುದ್ಧವಾಯಿತು ಎಂದು. ಕೊಳಕು ಹಾಗೇ ಇರುತ್ತದೆ, ತಂತಿ ಕೆಡುತ್ತ ಹೋದಂತೆ ದಾಖಲೆಯಲ್ಲಿ ನೀರು ತಿಳಿಯಾಗುತ್ತ ಹೋಗುತ್ತದೆ. ಪೂರ್ತಿ ಕಡಿದುಹೋದ ದಿನ ಭದ್ರೆಯಲ್ಲಿ ಮಾಲಿನ್ಯವೇ ಇಲ್ಲ! ಅದಕ್ಕೇ ಮಿಕ್ಸಿ ರಿಪೇರಿಯ ಕ್ರಮ ಇಲ್ಲಿಯೂ ಸಲ್ಲುತ್ತದೆ. ಬ್ಯಾಕ್ಟೀರಿಯಾದ ವಿಚಾರಣೆ ಆಮೇಲೆ ನಡೆಯಲಿ, ಮೊದಲು ಕಾರ್ಬನ್ನೂ ತಂತಿಯೂ ಕೂಡುವ ಜಾಗವನ್ನು ಬಿಚ್ಚಿ ನೋಡೋಣ.